ಐದು ಅಮಾವಾಸ್ಯೆಯ ಬತ್ತಿ

ನಿನ್ನೆ ನನ್ನ ಮೊಮ್ಮಗಳು ನಿಪ್ಪಾಣಿಯಿಂದ ನಮ್ಮ ಮನೆಯ ಬಾಗಿಲ ತನಕ ತಾನೇ ಕಾರು ಓಡಿಸಿಕೊಂಡು ಬಂದಳು! ಪಕ್ಕದಲ್ಲಿ ನಾನು ಕೂತಿದ್ದೆ. ಹಿಂದೆ ಅವಳ ಅಪ್ಪ, ಅಂದರೆ ನನ್ನ ಮಗ, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ ಕೈ ಕಟ್ಟಿಕೊಂಡು ಕೂತಿದ್ದ. ಎಂಜಿನ್ನಿನ ಎಣ್ಣೆಯಲ್ಲಿ ಪೆಟ್ರೋಲು ಸೇರುತ್ತಿದ್ದದ್ದು ಗಾಡಿಯ ತಪ್ಪು, ಓಡಿಸಿದವಳ ತಪ್ಪಲ್ಲ ಎಂದು ಶೋರೂಮಿನವರು ಒಪ್ಪಿಕೊಂಡರು. ಬರೀ ಬಾಯಿಮಾತಲ್ಲ, ಕಾಗದದ ಮೇಲೆ ಬರೆದು ಶಿಕ್ಕಾ ಹೊಡೆದು ಕೊಟ್ಟರು. ನಾನು ಕಲಿತದ್ದು ಮೂರನೆಯ ಇಯತ್ತೆ. ಆದರೂ ಆ ಕಾಗದವನ್ನು ನಾಲ್ಕು ಸಲ ಓದಿ ದೇವರ ಜಗುಲಿಯ ಮೇಲೆ ಇಟ್ಟಿದ್ದೇನೆ.

ಮನೆಗೆ ಬಂದವಳೇ ಬೋರಗಾಂವದಲ್ಲಿರುವ ಮಗಳಿಗೆ ಫೋನ್ ಹಚ್ಚಿದೆ. ಅವಳ ಗಂಡನದು ಮಗ್ಗದ ಕೆಲಸ. ಅಲ್ಲಿ ಮಗ್ಗಗಳ ಸದ್ದಿನಲ್ಲಿ ಒಂದು ಮಾತು ಕೇಳಬೇಕಾದರೂ ಕೂಗಬೇಕು.

“ಯಾರಿಗೆ ಏನಾತ ಬೇ ಯವ್ವಾ?” ಎಂದು ಆಕೆ ಗಾಬರಿಯಾದಳು.

“ಯಾರಿಗೂ ಏನೂ ಆಗಿಲ್ಲ! ನಮ್ಮ ಕೂಸಿನ ತಪ್ಪ ಅಲ್ಲಂತ! ಗಾಡೀದ ತಪ್ಪಂತ! ಸಂಜೀಕ ಊಟಕ್ಕ ಬರ್ರಿ!”

ಆಕೆಗೆ ಕೇಳಿಸಿತೋ ಇಲ್ಲವೋ, ನಮ್ಮ ಓಣಿಗೆಲ್ಲ ಕೇಳಿಸಿತು. ಎದುರು ಮನೆಯವರು ಹೊರಗೆ ಬಂದು ನಿಂತರು. ಬರಲಿ, ಕೇಳಲಿ. ಒಂದೂವರೆ ತಿಂಗಳು ಅದೇ ಓಣಿ ನನ್ನ ಕೂಸಿನ ಬಗ್ಗೆ ಬೇರೆ ಮಾತು ಕೇಳಿತ್ತು.

ಯಾಕೆ ಇಷ್ಟು ಸಂತೋಷ ಎನ್ನುವುದನ್ನು ಮೊದಲಿನಿಂದ ಹೇಳಬೇಕು. ನಮ್ಮದು ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣಾ ದಂಡೆಯ ಊರು, ಕಬ್ಬಿನ ಹೊಲ. ಮೊಮ್ಮಗಳು ರಕ್ತ ತಪಾಸಣೆಯ ವಿದ್ಯೆ ಕಲಿತು ಚಿಕ್ಕೋಡಿಯ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಲ್ಯಾಬಿನಲ್ಲಿ ಕೂತು ಮಾಡುವ ಕೆಲಸ ಅವಳಿಗೆ ಹಿಡಿಸಲಿಲ್ಲ. ಹಾಸಿಗೆ ಹಿಡಿದವರು, ಕಾಲು ನೋವಿನವರು, ಬಸ್ಸು ಹತ್ತಲಾರದವರು ಹಳ್ಳಿ ಹಳ್ಳಿಯಲ್ಲಿ ಇದ್ದಾರೆ, ಅವರ ಮನೆಗೇ ಹೋಗಿ ರಕ್ತ ತೆಗೆದುಕೊಂಡು ಬರುತ್ತೇನೆ ಎಂದು ಲ್ಯಾಬಿನವರನ್ನು ಒಪ್ಪಿಸಿದಳು. ಬೆಳಗಿನ ಆರು ಗಂಟೆಗೆ ಹೊರಟು, ಮನೆ ಮನೆ ನಿಂತು, ತಂಪು ಡಬ್ಬಿಯಲ್ಲಿ ಸೀಸೆಗಳನ್ನು ಇಟ್ಟುಕೊಂಡು, ಹತ್ತರೊಳಗೆ ಚಿಕ್ಕೋಡಿ ಮುಟ್ಟಬೇಕು. ಮೊದಲು ಸ್ಕೂಟಿಯಲ್ಲಿ ಹೋಗುತ್ತಿದ್ದಳು. ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದ ಜಲ್ಲೆಯ ಮೇಲೆ ಗಾಲಿ ಜಾರಿ ಬಿದ್ದು ಮೊಣಕೈ ಸುಲಿದುಕೊಂಡಳು. ಆಮೇಲೆ ಈ ಕಾರು ಬಂತು, ಕಳೆದ ಯುಗಾದಿಗೆ. ಬಿಳಿ ಬಣ್ಣದ್ದು, ಹೊಸ ನಮೂನೆಯದು, ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುತ್ತದೆ.

ಅವಳ ಕೈಗುಣ ದೊಡ್ಡದು. ಸೂಜಿ ಚುಚ್ಚಿದ್ದು ಗೊತ್ತಾಗುವುದಿಲ್ಲ ಎಂದು ಎಷ್ಟೋ ಮುದುಕಿಯರು ನನ್ನ ಎದುರಿಗೇ ಹೇಳಿದ್ದಾರೆ. ಇಡೀ ಸೀಮೆಯಲ್ಲಿ ಅವಳಿಗೆ ಕೈ ಕೊಡದವನು ಒಬ್ಬನೇ, ಅವಳ ಅಪ್ಪ. “ನನಗ ಯಾವ ಸಕ್ಕರಿ ಇಲ್ಲ, ಗಿಕ್ಕರಿ ಇಲ್ಲ. ಹೋಗ ಅತ್ತಾಗ” ಎಂದು ಸೂಜಿ ಕಂಡರೆ ಹೊಲದ ಕಡೆ ನಡೆಯುತ್ತಿದ್ದ.

ನಮ್ಮಲ್ಲಿ ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲ. ನಮ್ಮ ಯಜಮಾನರು ಇದ್ದಾಗ ಹೊಳೆದಂಡೆಯ ನೀರೆತ್ತುವ ಡೀಸೆಲ್ ಎಂಜಿನ್ನಿಗೂ ಅವತ್ತು ಸೂಟಿ. ಅದನ್ನು ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆಯುವ ಮೊದಲು ಅದರ ಎಣ್ಣೆ ನೋಡಬೇಕು. ಅವರು ಕಡ್ಡಿ ಎಳೆದು ನನಗೆ ತೋರಿಸುತ್ತಿದ್ದರು. ಎಣ್ಣೆ ಯಾವಾಗಲೂ ಇಳಿದಿರುತ್ತಿತ್ತು. “ನೋಡ, ಮತ್ತ ಕುಡದೈತಿ” ಎನ್ನುತ್ತಿದ್ದರು. ನಾನು ಡಬ್ಬಿಯಿಂದ ಸುರಿಯುತ್ತಿದ್ದೆ. ನನಗೆ ಗೊತ್ತಿದ್ದ ಎಂಜಿನ್ ಎಂದರೆ ಎಣ್ಣೆ ಕುಡಿಯುವುದು, ಅಷ್ಟೇ.

ಮೊಮ್ಮಗಳ ಕಾರಿನ ಪೂಜೆಯೂ ನನ್ನ ಪಾಲಿಗೇ ಬಂತು. ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಅವಳು ಸರ್ವಿಸಿಂಗ್ ಮಾಡಿಸಿ ಹೊಸ ಎಣ್ಣೆ ಹಾಕಿಸಿ ತಂದಿದ್ದಳು. ನಾನು ಆರತಿ ತಾಟು ಹಿಡಿದು ಕೇಳಿದೆ, “ಇದರ ಎಣ್ಣಿ ಎಲ್ಲಿ ನೋಡೂದವ್ವಾ?”

“ಆಯಿ, ಈಗಿನ ಗಾಡಿಗೆ ಅದೇನೂ ನೋಡೂದು ಬೇಕಾಗಿಲ್ಲ ಬೇ.”

“ನಿಮ್ಮ ಅಜ್ಜ ನೋಡದ ಕಾಯಿ ಒಡೀತಿರ್ಲಿಲ್ಲ.”

ಅಜ್ಜನ ಹೆಸರು ಎತ್ತಿದರೆ ಅವಳು ಇಲ್ಲ ಅನ್ನುವವಳಲ್ಲ. ಬಾನೆಟ್ ಎತ್ತಿ, ಹಳದಿ ಉಂಗುರದ ಕಡ್ಡಿ ಎಳೆದು, ಒರೆಸಿ, ಮತ್ತೆ ತುರುಕಿ ಎಳೆದು ಕೈಗೆ ಕೊಟ್ಟಳು. ತುದಿಗೆ ಜೇನಿನ ಬಣ್ಣದ ಎಣ್ಣೆ. ಕೈಯಲ್ಲಿ ಅರಿವೆ ಇರಲಿಲ್ಲ. ತಾಟಿನಲ್ಲಿ ನಾನೇ ಹೊಸೆದ ಉದ್ದ ಬತ್ತಿ ಇತ್ತು. ಅದನ್ನು ಕಡ್ಡಿಯ ತುದಿಯಿಂದ ಮೇಲಕ್ಕೆ ಒತ್ತಿ ಹಿಡಿದೆ. ಎಣ್ಣೆ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಬತ್ತಿ ಕಂದಾಯಿತು. ಪೂಜೆಯ ವಸ್ತುವನ್ನು ಕಸಕ್ಕೆ ಹಾಕುವುದುಂಟೇ? ಮುಂದೆ ಹೊಳೆಗೆ ಬಿಟ್ಟರಾಯಿತು ಎಂದು ಒಂದು ಕೆಂಪು ದಾರಕ್ಕೆ ಪೋಣಿಸಿ ದೇವರ ಸಾಮಾನಿನ ಡಬ್ಬಿಯಲ್ಲಿ ಇಟ್ಟೆ.

ನಾಗರ ಅಮಾವಾಸ್ಯೆಗೆ ಎರಡನೆಯ ಬತ್ತಿ. ಮೊದಲಿನದರ ಪಕ್ಕ ಇಟ್ಟು ನೋಡಿದೆ. ಕಲೆ ಎರಡು ಜೋಳದ ಕಾಳಿನಷ್ಟು ಮೇಲೆ ಹೋಗಿತ್ತು. ಬೆನಕನ ಅಮಾವಾಸ್ಯೆಗೆ ಇನ್ನೂ ಎರಡು ಕಾಳು. ಹಾಕದೆ ಏರುವ ಎಣ್ಣೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ! ಗೃಹಪ್ರವೇಶದಲ್ಲಿ ಹಾಲು ಉಕ್ಕಿದರೆ ನಾವು ಏನು ಅನ್ನುತ್ತೇವೆ? ನನಗೂ ಹಾಗೇ ಅನ್ನಿಸಿತು. ಮನೆಗೆ ಒಳ್ಳೆಯ ಕಾಲ್ಗುಣದ ಗಾಡಿ ಬಂದಿದೆ, ದುಡಿಯುವ ಹುಡುಗಿಗೆ ಲಕ್ಷ್ಮಿ ಒಲಿದಿದ್ದಾಳೆ ಎಂದುಕೊಂಡೆ.

ಅಂದುಕೊಂಡು ಸುಮ್ಮನಿದ್ದೆನೇ? ಎದುರು ಮನೆಯಾಕೆಗೆ ಹೇಳಿದೆ. ಆಕೆ ಬಂದು ಬತ್ತಿ ನೋಡಿ ಗಲ್ಲ ಗಲ್ಲ ಬಡಿದುಕೊಂಡಳು.

“ಯಕ್ಕಾ, ನಮ್ಮ ಟ್ರ್ಯಾಕ್ಟರ್ ಎಣ್ಣಿ ಕುಡದ ಕುಡದ ಮನಿ ತೊಳ್ಯಾಕತ್ತೈತಿ. ಆ ಕಡ್ಡೀಲೆ ಒಂದ ಬೊಟ್ಟ ನಮ್ಮ ಟ್ರ್ಯಾಕ್ಟರಿಗೂ ಹಚ್ಚ.”

ಹಚ್ಚಿದೆ. ಕುಂಕುಮದ ಜೊತೆ ಕಾರಿನ ಎಣ್ಣೆಯ ಬೊಟ್ಟು ಅವರ ಟ್ರ್ಯಾಕ್ಟರಿನ ಹಣೆಗೆ ಇಟ್ಟು, ಇಬ್ಬರೂ ಕೈ ಮುಗಿದೆವು. ಈಗ ನೆನೆದರೆ ನಗು ಬರುತ್ತದೆ. ಅವತ್ತು ಮಾತ್ರ ಮನಸ್ಸು ತುಂಬಿತ್ತು.

ಮೊಮ್ಮಗಳು ಒಂದೆರಡು ಸಲ, “ಆಯಿ, ಗಾಡಿಯೊಳಗ ಪೆಟ್ರೋಲ್ ವಾಸನಿ ಬರಾಕತ್ತೈತಿ” ಎಂದಿದ್ದಳು. “ಪಂಪಿನ್ಯಾಗ ತುಂಬ ತುಂಬಸ್ತೀ, ಚೆಲ್ಲಿರಬೇಕ” ಎಂದ ಅವಳಪ್ಪ. ಮಾತು ಅಲ್ಲಿಗೇ ನಿಂತಿತು.

ಮಹಾನವಮಿ ಅಮಾವಾಸ್ಯೆಯ ನಾಲ್ಕನೆಯ ಬತ್ತಿ ಪೋಣಿಸಿ ನಾಲ್ಕೈದು ದಿನ ಆಗಿತ್ತು. ರಾಯಬಾಗದ ದಾರಿಯಲ್ಲಿ ಗಾಡಿ ಗಡಗಡ ಅಂದು ಹಳದಿ ದೀಪ ಹಚ್ಚಿಕೊಂಡು ನಿಂತುಬಿಟ್ಟಿತು. ಹಿಂದೆ ಡಬ್ಬಿಯಲ್ಲಿ ಹದಿನಾಲ್ಕು ಜನರ ರಕ್ತ. ಬಿಸಿಲು ಏರಿತು, ಹತ್ತು ಹೊಡೆಯಿತು, ಹನ್ನೊಂದಾಯಿತು. ಸೀಸೆಗಳು ಕೆಟ್ಟವು. ಹದಿನಾಲ್ಕೂ ಮನೆಗೆ ಅವಳು ಮತ್ತೆ ಹೋಗಿ, ತಪ್ಪಾಯಿತು ಎಂದು ಹೇಳಿ, ಮತ್ತೆ ಸೂಜಿ ಚುಚ್ಚಿ ಬಂದಳು. ಎಂಬತ್ತು ದಾಟಿದ ಒಬ್ಬ ಮುದುಕನ ಕೈಯಲ್ಲಿ ನರವೇ ಸಿಗಲಿಲ್ಲವಂತೆ. ಆ ದಿನ ಮನೆಗೆ ಬಂದು ಅವಳು ಊಟ ಮಾಡಲಿಲ್ಲ.

ಗಾಡಿಯನ್ನು ನಿಪ್ಪಾಣಿಯ ಶೋರೂಮಿಗೆ ನನ್ನ ಮಗ ಒಯ್ದ. ಅವರು ಎಣ್ಣೆ ಬದಲಿಸದೆ ದೀಪ ಮಾತ್ರ ಆರಿಸಿ, ಎರಡು ಮಾತು ಹೇಳಿ ಗಾಡಿ ವಾಪಸ್ ಕೊಟ್ಟರು. ಎಣ್ಣೆ ಗುರುತಿಗಿಂತ ಮೇಲಿದೆ, ಮನೆಯಲ್ಲಿ ಯಾರೋ ಸುರಿದಿದ್ದಾರೆ ಎನ್ನುವುದು ಒಂದು. ಇನ್ನೊಂದು, ಮೇಡಂ ಹತ್ತಿರ ಹತ್ತಿರ ನಿಲ್ಲಿಸುತ್ತಾರೆ, ಸಾವಕಾಶ ಓಡಿಸುತ್ತಾರೆ, ಎಂಜಿನ್ ಬಿಸಿಯಾಗುವುದೇ ಇಲ್ಲ, ಹೊಸ ಗಾಡಿಗಳಲ್ಲಿ ಹಾಗೆ ಓಡಿಸಿದರೆ ಪೆಟ್ರೋಲು ಎಣ್ಣೆಗೆ ಇಳಿಯುತ್ತದೆ ಎನ್ನುವುದು.

ಮಗ ಪಡಸಾಲೆಯಲ್ಲಿ ಕೂತು ಮೊದಲು ನನ್ನನ್ನು ಹಿಡಿದ.

“ಯವ್ವಾ, ಖರೇ ಹೇಳ. ಗಾಡಿಗೆ ಎಣ್ಣಿ ಹಾಕೀಯೇನ?”

“ನಾ ಯಾಕ ಹಾಕ್ಲಿ?”

“ಅಮಾಸಿಗೊಮ್ಮೆ ಬಾನೆಟ್ ಎತ್ತಸಾಕಿ ನೀನ.”

ಒಳಗಿನಿಂದ ಸೊಸೆ ನನ್ನ ಪರ ನಿಂತಳು. “ಅತ್ತಿ ದೀಪಕ್ಕ ಬಿಟ್ಟ ಎದಕ್ಕೂ ಎಣ್ಣಿ ಸುರಿಯಾಕಿ ಅಲ್ಲರಿ. ಪಲ್ಯಾಕ್ಕ ಹಾಕೂಮುಂದ ನನ್ನ ಕೈಯಾಗಿನ ಚಮಚಾ ಕಸಗೋತಾರ.” ಪರ ನಿಂತಳೋ, ಚುಚ್ಚಿದಳೋ, ಈಗಲೂ ನನಗೆ ಗೊತ್ತಾಗಿಲ್ಲ.

ಮಗ ಮಗಳ ಕಡೆ ತಿರುಗಿದ. “ಹಂಗಾರ ನಿಂದ ತಪ್ಪ. ನಾ ಮೊದಲಿಂದ ಹೇಳಾಕತ್ತೇನಿ, ಎತ್ತಿನ ಬಂಡಿ ಹೊಡದಂಗ ಹೊಡೀತೀ ಅಂತ.”

“ಅಪ್ಪಾ, ನಾ ಮನಿ ಮನಿಗೆ ನಿಲ್ಲಬೇಕ. ರಕ್ತ ಕೊಡಾವ್ರೆಲ್ಲಾ ಹೈವೇ ಮ್ಯಾಲ ಇರ್ತಾರೇನ?”

“ಅದಕ್ಕ ಹೇಳೂದು. ಲ್ಯಾಬಿನ್ಯಾಗ ಕುಂತ ಕೆಲಸಾ ಮಾಡ. ದೀಪಾವಳಿ ಆಗಲಿ, ಗಾಡಿ ಮಾರೂಣ.”

ಅವಳು ಎದ್ದು ಕಾರಿನ ಕೀಲಿಯನ್ನು ದೇವರ ಮನೆಯ ಬಾಗಿಲ ಮೊಳೆಗೆ ತೂಗುಹಾಕಿದಳು. ಮರುದಿನದಿಂದ ಬಸ್ಸಿಗೆ ಹೋಗಿ ಲ್ಯಾಬಿನ ಕಿಟಕಿಯ ಹಿಂದೆ ಕೂತು ಚೀಟಿ ಬರೆಯತೊಡಗಿದಳು. ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಏನಾದರೂ ಗುನುಗುವ ಹುಡುಗಿ, ಅದನ್ನು ಬಿಟ್ಟಳು. ಗಾಡಿ ಕೆಡಬಾರದು ಎಂದು ಮಗನೇ ಆಗೊಮ್ಮೆ ಈಗೊಮ್ಮೆ ಓಡಿಸುತ್ತಿದ್ದ. ಹಾಲು ಹಾಕಲು ಹೋದಲ್ಲಿ, ಹಿಟ್ಟಿನ ಗಿರಣಿಯಲ್ಲಿ ಜನ ನನ್ನನ್ನು ಕೇಳತೊಡಗಿದರು. “ನಿಮ್ಮ ಹುಡುಗಿ ಗಾಡಿ ಕೆಡಿಸಿದ್ಲಂತಲ್ಲ?” ಪಕ್ಕದೂರಿನ ಮುದುಕಿಯೊಬ್ಬಳು, “ನಿನ್ನ ಮೊಮ್ಮಗಳ ಯಾಕ ಬರವಲ್ಲಳು? ಬ್ಯಾರೆದಾವ್ರು ಚುಚ್ಚಿದ್ರ ಕೈ ಬಾತುಕೊಳ್ತೈತಿ” ಎಂದು ಹೇಳಿ ಕಳಿಸಿದ್ದಳು. ಅದನ್ನು ನಾನು ಮೊಮ್ಮಗಳಿಗೆ ಹೇಳಲಿಲ್ಲ. ಹೇಳಿದರೆ ಅತ್ತಾಳು ಎಂದು.

ಎಣ್ಣೆ ಏರಿದ್ದನ್ನು ಎದುರು ಮನೆಗೆ ಸಾರಿದವಳು ನಾನು. ನನ್ನ ಕಣ್ಣೇ ತಗುಲಿತೇನೋ ಎಂದು ಎಷ್ಟೋ ದಿನ ಕೊರಗಿದೆ. ಮನೆಯಲ್ಲಿ ಯಾರಿಗೂ ಹೇಳದೆ ಬತ್ತಿಯ ಡಬ್ಬಿಯನ್ನು ಹಿಂದಕ್ಕೆ ಸರಿಸಿಬಿಟ್ಟೆ.

ದೀಪಾವಳಿ ಅಮಾವಾಸ್ಯೆ ಬಂತು. ಪದ್ಧತಿ ಬಿಡಬಾರದು ಎಂದು ಬೆಳಿಗ್ಗೆ ಕಾರಿನ ಪೂಜೆ ಮಾಡಿದೆ. ಮೊಮ್ಮಗಳು ಸುಮ್ಮನೆ ಬಾನೆಟ್ ಎತ್ತಿಕೊಟ್ಟು ಒಳಗೆ ಹೋದಳು. ಕಡ್ಡಿ ಎಳೆಯುವುದನ್ನು ಅಷ್ಟರಲ್ಲಿ ನಾನೇ ಕಲಿತಿದ್ದೆ. ಐದನೆಯ ಬತ್ತಿಯನ್ನು ತಾಟಿನಲ್ಲೇ ಇಟ್ಟು, ದಾರಕ್ಕೆ ಪೋಣಿಸುವುದನ್ನು ಮರೆತೆ. ಕರಿಗಡಬು ಕರಿಯುವ ಗಡಿಬಿಡಿ.

ಸಂಜೆ ಲಕ್ಷ್ಮೀ ಪೂಜೆಗೆ ದೀಪದ ಸಮೆಗೆ ಎಣ್ಣೆ ತುಂಬಿ, ತಾಟಿನಲ್ಲಿದ್ದ ಬತ್ತಿಗಳನ್ನು ಜೋಡಿಸಿದೆ. ನನಗೆ ಈಗ ಕಣ್ಣು ಮೊದಲಿನಂತಿಲ್ಲ. ಕಡ್ಡಿ ಗೀರಿ ಹಿಡಿದೆನೋ ಇಲ್ಲವೋ, ಒಂದು ಬತ್ತಿ ಭುಗ್ ಎಂದು ಗೇಣು ಎತ್ತರ ಎದ್ದಿತು! ಕರಿ ಹೊಗೆ. ದೇವರ ಮನೆಯೆಲ್ಲ ಪೆಟ್ರೋಲು ವಾಸನೆ. ಮೊಮ್ಮಗಳು ಅಡುಗೆಮನೆಯಿಂದ ಓಡಿ ಬಂದು ಹಿತ್ತಾಳೆ ತಾಟು ಮುಚ್ಚಿ ಬೆಂಕಿ ಆರಿಸಿದಳು.

“ಆಯಿ! ದೀಪಕ್ಕ ಏನ ಹಾಕ್ದಿ?”

“ನಿನ್ನ ಗಾಡೀ ಬತ್ತಿ ಬಂತ ನೋಡವ್ವಾ, ತಪ್ಪಿ...”

ಅವಳು ಅರ್ಧ ಸುಟ್ಟ ಬತ್ತಿಯನ್ನು ಎತ್ತಿ ಮೂಸಿದಳು. ಮತ್ತೆ ಮೂಸಿದಳು. “ಗಾಡೀ ಬತ್ತಿ ಅಂದ್ರ?”

ನಾನು ಡಬ್ಬಿ ತಂದು ದಾರ ಬಿಚ್ಚಿದೆ. ಅವಳು ನೆಲದ ಮೇಲೆ ಕೂತು, ರಂಗೋಲಿಯ ಪಕ್ಕದಲ್ಲಿ ನಾಲ್ಕನ್ನೂ ಸಾಲಾಗಿ ಇಟ್ಟಳು. ಐದನೆಯದರ ಉಳಿದ ಅರ್ಧವನ್ನು ಕೊನೆಗೆ. ಸುಡದ ನಾಲ್ಕರಲ್ಲಿ ಒಂದಕ್ಕಿಂತ ಒಂದರ ಕಲೆ ಉದ್ದ, ಮೆಟ್ಟಿಲು ಏರಿದ ಹಾಗೆ. ನಾನು ಒಂದೊಂದೇ ಅಮಾವಾಸ್ಯೆಯ ಹೆಸರು ಹೇಳಿದೆ. ಮೂರನೆಯದರ ಮೇಲೆ ಅವಳು ಬೆರಳಿಟ್ಟಳು.

“ನಾಗರ ಅಮಾಸಿಯಿಂದ ಬೆನಕನ ಅಮಾಸಿ. ಆಯಿ, ಆವಾಗ ನಾ ಎಲ್ಲಿದ್ದೆ?”

“ಬೆಳಗಾವ್ಯಾಗ. ಹೊಸಾ ಮಶಿನ್ ಕಲಿಯಾಕ ಹೋಗಿದ್ದೆಲ್ಲ.”

“ಶ್ರಾವಣ ಪೂರ್ತಿ ನಾ ಗಾಡಿ ಮುಟ್ಟಿಲ್ಲ. ಯಾರ ಓಡಿಸಿದ್ರು?”

ಶ್ರಾವಣದಲ್ಲಿ ಕುಡಚಿ ಸ್ಟೇಷನ್ನು, ಮುಗಳಖೋಡ, ಅಥಣಿ ಎಂದು ಗಾಡಿ ಹೊಡೆದವನು ನನ್ನ ಮಗ. ಅವನು ಓಡಿಸುವ ಜೋರಿಗೆ ನಾನು ಒಮ್ಮೆ ಕೂತು, ಇನ್ನೊಮ್ಮೆ ಕೂರಲಿಲ್ಲ. ಆ ತಿಂಗಳೂ ಎಣ್ಣೆ ಎರಡು ಕಾಳು ಏರಿತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ.

“ಕರೀತೀನಿ ತಡಿ ನಿಮ್ಮಪ್ಪನ್ನ” ಎಂದೆ.

ಅವಳು ನನ್ನ ಸೆರಗು ಹಿಡಿದಳು. “ಬ್ಯಾಡ ಆಯಿ. ಹಬ್ಬದ ದಿನ ಅಪ್ಪನ ಮುಖಕ್ಕ ಹಿಡದಂಗ ಆಗ್ತೈತಿ. ಅಂವಾ ನನ್ನ ಕೆಟ್ಟದ್ದ ಬಯಸಿ ಹೇಳಿಲ್ಲ. ರಸ್ತೇದಾಗ ಮತ್ತ ಬಿದ್ದೇನಂತ ಅಂಜಕಿ ಅವಂಗ.”

ಹೊರಗೆ ಅಂಗಳದಲ್ಲಿ ಅವಳಪ್ಪ ಹಣತೆ ಸಾಲು ಹಚ್ಚುತ್ತಿದ್ದ. ಅವಳು ಬತ್ತಿಗಳನ್ನು ಮತ್ತೆ ದಾರಕ್ಕೆ ಪೋಣಿಸಿ ಡಬ್ಬಿಗೆ ಹಾಕಿದಳು. ತನ್ನ ಮೇಲಿನ ತಪ್ಪನ್ನು ಕಳೆದುಕೊಳ್ಳುವ ಸಾಕ್ಷಿ ಕೈಯಲ್ಲಿ ಇಟ್ಟುಕೊಂಡು, ಅಪ್ಪನ ಮಾನಕ್ಕಾಗಿ ಮುಚ್ಚಿಟ್ಟ ಹುಡುಗಿ ಅವಳು. ನನ್ನ ಎದೆ ಹೇಗೆ ತುಂಬಿ ಬಂತು ಎಂದು ಬರೆಯಲು ನನಗೆ ಬರುವುದಿಲ್ಲ.

ಆದರೆ ನಾನು ಮುಚ್ಚಿಡುವವಳಲ್ಲ. ಹಬ್ಬ ಮುಗಿದ ಮೇಲೆ ಅವಳು ಅಪ್ಪನಿಗೆ ಇಷ್ಟೇ ಹೇಳಿದಳು: ಎಣ್ಣೆಯಲ್ಲಿ ಪೆಟ್ರೋಲು ವಾಸನೆ ಬಹಳ ಇದೆ, ಮಾರುವ ಮೊದಲು ಒಮ್ಮೆ ತೋರಿಸೋಣ. ಅವನು ಒಪ್ಪಿದ. ಹೊರಡುವ ದಿನ ನಾನೂ ಸೀರೆ ಉಟ್ಟು ಕೈಚೀಲ ಹಿಡಿದು ನಿಂತೆ.

“ನೀ ಎದಕ್ಕ ಬೇ?” ಎಂದ ಮಗ.

“ಚಪ್ಪಲಿ ಹರದಾವ. ನಿಪ್ಪಾಣ್ಯಾಗ ಚಲೋ ಸಿಗ್ತಾವ.”

ಚೀಲದ ತಳದಲ್ಲಿ ಡಬ್ಬಿ ಇತ್ತು.

ಶೋರೂಮಿನಲ್ಲಿ ತಣ್ಣಗಿನ ಗಾಳಿ, ಕೂರಲು ಮೆತ್ತನೆಯ ಬೆಂಚು. ನಮಗಿಂತ ಮೊದಲೇ ಇಬ್ಬರು ಕೂತಿದ್ದರು. ಒಬ್ಬಳು ರಾಯಬಾಗದ ಕಡೆಯ ಶಿಕ್ಷಕಿ, ಇನ್ನೊಬ್ಬರು ಅಥಣಿ ಕಡೆಯ ದ್ರಾಕ್ಷಿ ತೋಟದವರು. ಬೇರೆ ಬೇರೆ ಬಣ್ಣ, ಆದರೆ ಗಾಡಿ ನಮ್ಮ ನಮೂನೆಯದೇ. ಕುತ್ತಿಗೆಗೆ ಪಟ್ಟಿ ಕಟ್ಟಿದ ಮೇಲ್ವಿಚಾರಕ ಬಂದು, ಕಂಪ್ಯೂಟರ್ ಪರದೆ ನೋಡಿ, ಹೋದ ಸಲದ ಮಾತನ್ನೇ ಮತ್ತೆ ಹೇಳಿದ.

“ಮೇಡಂ ಸಾವಕಾಶ ಓಡಸ್ತಾರ್ರಿ. ಹೈವೇದಾಗ ಜೋರ್ ಬಿಡ್ರಿ, ತಾನ ಸರಿ ಆಗ್ತೈತಿ.”

“ನಾನೂ ಅದ ಹೇಳಾಕತ್ತೇನ್ರಿ ಈಕೀಗೆ” ಎಂದ ಮಗ.

ಶಿಕ್ಷಕಿ ತಲೆ ಎತ್ತಿದಳು. “ಏನಂದ್ರಿ? ನನಗೂ ಇದನ್ನ ಹೇಳ್ಯಾರ್ರಿ. ‘ಮೇಡಂ, ನೀವ್ ಸಾಲಿಗೆ ಹೋಗಿ ಬರೂದು ಎರಡ ಕಿಲೋಮೀಟರ್, ಅದಕ್ಕ ಹಿಂಗ’ ಅಂತ.”

ದ್ರಾಕ್ಷಿ ತೋಟದವರು ಎದ್ದೇ ನಿಂತರು. “ಅರೇ, ಮೀ ತರ್ ರೋಜ್ ಮಿರಜೆಲಾ ಜಾತೋ! ದಿನಾ ಮಿರಜಿಗೆ ಹೋಗ್ತೀನ್ರಿ ನಾ, ಅದೂ ಜೋರ್! ನನ್ನ ಗಾಡಿ ಎಣ್ಣೀನೂ ಮ್ಯಾಲ ಏರಾಕತ್ತೈತಿ. ನನಗ ಏನ ಹೇಳ್ಯಾರ ಗೊತ್ತೈತೇನ್ರಿ? ‘ಮನ್ಯಾಗ ಯಾರೋ ಹಾಕ್ಯಾರ.’ ನಮ್ಮ ಮನ್ಯಾಗ ಬಾನೆಟ್ ಎತ್ತಾವ್ರ ಯಾರೂ ಇಲ್ಲ!”

ಆಗ ನಾನು ಚೀಲದಿಂದ ಡಬ್ಬಿ ತೆಗೆದೆ. ಮೊಮ್ಮಗಳು “ಆಯಿ...” ಎಂದಳು. ನಾನು ಅವಳ ಮುಖ ನೋಡಲಿಲ್ಲ. ಗಾಜಿನ ಮೇಜಿನ ಮೇಲೆ ಕೆಂಪು ದಾರ ಬಿಚ್ಚಿ ಬತ್ತಿಗಳನ್ನು ಹರವಿದೆ.

“ಆಜಿ, ಹೇ ಕಾಯ್?” ಎಂದ ಮೇಲ್ವಿಚಾರಕ. ಇದೇನು ಎಂದು.

“ಐದ ಅಮಾಸಿ ಅಪ್ಪಾ. ತಿಂಗಳಾ ಪೂಜಾಕ್ಕ ನಿಮ್ಮ ಗಾಡೀ ಎಣ್ಣಿ ನೋಡಿದ್ದು. ಇಲ್ಲಿಂದ ಇಲ್ಲೀತನಾ. ನಾ ಸುರದಿದ್ರ ಒಮ್ಮೆಲೇ ಏರ್ತಿತ್ತು. ಇದ ನೋಡ, ತಿಂಗಳಾ ಎರಡೆರಡ ಕಾಳ ಏರೈತಿ.”

ಮೇಲ್ವಿಚಾರಕ ನಕ್ಕ. ನಕ್ಕು ಒಂದನ್ನು ಎತ್ತಿ ಮೂಸಿದ. ಅರ್ಧ ಸುಟ್ಟದ್ದನ್ನು ಮೂಸಿದಾಗ ನಗು ನಿಂತಿತು.

“ಬರೋಬರ ಐತ್ರಿ. ಆದರ ಓಡಸೂ ಪದ್ಧತಿ...”

ನನ್ನ ಮಗ ಮೇಜಿನ ಮೇಲೆ ಬಗ್ಗಿದ್ದ. ಅವನು ರೈತ, ಬೆಳೆ ಅಳೆಯುವ ಕಣ್ಣು ಅವನದು. ಒಂದೊಂದೇ ಬತ್ತಿ ನೋಡುತ್ತ ತುಟಿಯಲ್ಲೇ ಅಮಾವಾಸ್ಯೆ ಎಣಿಸುತ್ತಿದ್ದ. ಮೂರನೆಯದಕ್ಕೆ ಬಂದು ಬೆರಳು ನಿಂತಿತು. ಬಹಳ ಹೊತ್ತು ನಿಂತಿತು. ಅವನು ಆಡದಿದ್ದರೆ ನಾನು ಆಡಬೇಕಾಗಿತ್ತು. ಹೆತ್ತ ಮಗನನ್ನು ನಾಲ್ಕು ಜನರ ಎದುರು ತಗ್ಗಿಸುವ ಮಾತು ಅದು.

“ಈ ತಿಂಗಳಾ ಓಡಿಸಿದಾವ ನಾನ್ರಿ” ಎಂದ.

ಬತ್ತಿಯ ಮೇಲಿನ ಬೆರಳು ತೆಗೆಯದೆ ಅವನೇ ಮುಂದುವರಿಸಿದ. “ನನ್ನ ಮಗಳ ಬೆಳಗಾವ್ಯಾಗ ಇದ್ಲು. ಇಡೀ ಶ್ರಾವಣ ನಾ ಓಡಿಸೇನಿ, ಜೋರ್ ಓಡಿಸೇನಿ, ದೂರ ಓಡಿಸೇನಿ. ಎಣ್ಣಿ ಆವಾಗೂ ಅಷ್ಟ ಏರೈತಿ. ಆಕೀದ ತಪ್ಪಿಲ್ಲ. ಗಾಡಿ ಬಿಚ್ಚ್ರಿ.”

ಮೊಮ್ಮಗಳು ಅವನ ತೋಳು ಹಿಡಿದುಕೊಂಡು ನಿಂತಳು. ದ್ರಾಕ್ಷಿ ತೋಟದವರು, “ನಮ್ಮ ಗಾಡಿಗಳನ್ನೂ ಬಿಚ್ಚ್ರಿ” ಎಂದರು. ದೊಡ್ಡ ಸಾಹೇಬರು ಒಳಗಿನಿಂದ ಬಂದರು. ನಮ್ಮೆಲ್ಲರ ಎದುರಿಗೇ ನಮ್ಮ ಗಾಡಿಯ ಎಣ್ಣೆಯನ್ನು ಅಳತೆ ಪಾತ್ರೆಗೆ ಇಳಿಸಿದರು. ಅದು ಎಣ್ಣೆಯಂತೆ ಇರಲೇ ಇಲ್ಲ, ಕಟ್ಟಿನ ಸಾರಿನ ಹಾಗೆ ನೀರು ನೀರು. ತಾವು ಹಾಕಿದ್ದಕ್ಕಿಂತ ಮುಕ್ಕಾಲು ಲೀಟರು ಹೆಚ್ಚು ಬಂತು. ಶಿಕ್ಷಕಿಯ ಗಾಡಿಯಲ್ಲೂ ಹಾಗೇ, ತೋಟದವರದರಲ್ಲೂ ಹಾಗೇ. ಮೊಮ್ಮಗಳು ಅಲ್ಲೇ ಕೂತು ಮೂವರ ಪರವಾಗಿ ಒಂದೇ ತಕರಾರು ಅರ್ಜಿ ಬರೆದಳು. ಬತ್ತಿಗಳ ಫೋಟೋ ಹಿಡಿದು ಅದರ ಜೊತೆ ಕಳಿಸಿದರು. ಬತ್ತಿಗಳನ್ನೇ ಕೊಡಿ ಎಂದು ಸಾಹೇಬರು ಕೇಳಿದರು. ಪೂಜೆಯದು, ಹೊಳೆಗೆ ಬಿಡಬೇಕು, ಕೊಡುವುದಿಲ್ಲ ಎಂದೆ.

ಗಾಡಿ ಅಲ್ಲೇ ಉಳಿಯಿತು. ನಾವು ಬಸ್ಸಿಗೆ ಬಂದೆವು. ದಾರಿಯುದ್ದಕ್ಕೂ ಅಪ್ಪ ಮಗಳು ಅಕ್ಕಪಕ್ಕ ಕೂತು ಶೇಂಗಾ ಪೊಟ್ಟಣ ಒಂದನ್ನೇ ಇಬ್ಬರೂ ತಿಂದರು. ಮನೆಯಲ್ಲಿ ಸೊಸೆ ನನ್ನ ಕಾಲು ನೋಡಿ, “ಚಪ್ಪಲಿ ಎಲ್ಲಿ ಅತ್ತಿ?” ಎಂದಳು.

ಹತ್ತು ಹನ್ನೆರಡು ದಿನ ಕಳೆದು ಮೊನ್ನೆ ಫೋನು ಬಂತು. ಎಂಜಿನ್ನಿಗೆ ಜೋರಾಗಿ ಪೆಟ್ರೋಲು ತಳ್ಳುವ ಒಂದು ಪಂಪು ಇದೆಯಂತೆ, ಅದರ ಒಳಗಿನ ಸೀಲು ಸೋರುತ್ತಿತ್ತಂತೆ. ಹನಿ ಹನಿ ಪೆಟ್ರೋಲು ಎಣ್ಣೆಗೆ ಇಳಿಯುತ್ತಿತ್ತು. ಮೂರೂ ಗಾಡಿಯಲ್ಲಿ ಅದೇ ರೋಗ. ಪಂಪು ಹೊಸದು ಹಾಕಿ, ಎಂಜಿನ್ ಒಳಗೆಲ್ಲ ನೋಡಿ, ಹೊಸ ಎಣ್ಣೆ ತುಂಬಿದ್ದಾರೆ, ಬಂದು ಒಯ್ಯಿರಿ ಎಂದರು. ಆ ಕಾಗದವೂ ಬೇಕು ಎಂದು ಕೇಳಿದವನು ನನ್ನ ಮಗನೇ. “ಓಡಸಾವ್ರ ತಪ್ಪಲ್ಲ ಅಂತ ಬರದ ಕೊಡ್ರಿ. ನಮ್ಮೂರಾಗ ತೋರಿಸೂದೈತಿ.”

ನಿನ್ನೆ ದೊಡ್ಡ ಸಾಹೇಬರು ಕೀಲಿಯನ್ನು ಅವನ ಕಡೆ ಚಾಚಿದರು. ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡ.

“ಆಕೀಗೆ ಕೊಡ್ರಿ. ಗಾಡಿ ಆಕೀದ.”

ಬರುವಾಗ ನಾನು ಕಿಟಕಿ ಇಳಿಸಿ ಕೂತಿದ್ದೆ. ಕಬ್ಬಿನ ಗಾಡಿಗಳ ಹಿಂದೆ ಅವಳು ನಿಧಾನ ಮಾಡುತ್ತಿದ್ದಳು, ದಾರಿ ಸಿಕ್ಕಾಗ ಹಗುರಾಗಿ ಮುಂದೆ ಹೋಗುತ್ತಿದ್ದಳು. ಹಿಂದಿನ ಸೀಟಿನಿಂದ ಒಂದು ಸಲ “ಸಾವಕಾಶ...” ಎನ್ನುವುದು ಕೇಳಿಸಿತು.

“ಸಾವಕಾಶ ಓಡಿಸಿದ್ರ ಎಣ್ಣಿ ಕೆಡ್ತೈತಿ ಅಂತಿದ್ದೆಲ್ಲ ಅಪ್ಪಾ?” ಎಂದಳು ಕನ್ನಡಿಯಲ್ಲಿ ನೋಡುತ್ತ.

“ನಾ ಏನೂ ಅಂದಿಲ್ಲ. ಕೆಮ್ಮಿದೆ.”

ಅವಳು ನಕ್ಕಳು. ಚಿಕ್ಕೋಡಿ ದಾಟಿದ ಮೇಲೆ ಗುನುಗತೊಡಗಿದಳು. ಒಂದೂವರೆ ತಿಂಗಳ ಮೇಲೆ ಅದನ್ನು ಕೇಳಿದೆ. ನನ್ನ ಕಣ್ಣಿಗೆ ಗಾಳಿ ಬಡಿಯಿತು ಎಂದು ಹೇಳಿ ಸೆರಗಿನಿಂದ ಒರೆಸಿಕೊಂಡೆ.

ಸಂಜೆ ಬೋರಗಾಂವದ ಮಗಳು ಅಳಿಯ ಬಂದರು. ಸೊಸೆ ಹೋಳಿಗೆ ಬೇಯಿಸಿದಳು, ಎಣ್ಣೆಗಾಯಿ ಮಾಡಿದಳು. ನಿನ್ನೆ ನಾನು ಚಮಚ ಕಸಿದುಕೊಳ್ಳಲಿಲ್ಲ. ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ಎದುರು ಮನೆಯಾಕೆಗೂ ಒಂದು ತಾಟು ಕಳಿಸಿ, ಟ್ರ್ಯಾಕ್ಟರಿನ ಹಣೆ ಒರೆಸಿಬಿಡು ಎಂದು ಹೇಳಿ ಕಳಿಸಿದೆ.

ಮಗ ಮಗಳ ತಾಟಿಗೆ ತಾನೇ ತುಪ್ಪ ಬಡಿಸಿದ. ಸಾಕು ಎಂದರೂ ನಿಲ್ಲಿಸಲಿಲ್ಲ. ಆಮೇಲೆ ತನ್ನ ತಾಟು ನೋಡುತ್ತ ಕೇಳಿದ.

“ನಾಳೆ ಎಷ್ಟಕ್ಕ ಹೊರಡ್ತೀಯವ್ವಾ?”

“ಆರಕ್ಕ ಅಪ್ಪಾ.”

“ಹೋಗೂ ಮೊದಲ ನಂದೂ ಒಂದ ಸೀಸಿ ತಗೋ. ಸಕ್ಕರಿ ನೋಡ.”

ಸೊಸೆಯ ಕೈಯಲ್ಲಿದ್ದ ಹೋಳಿಗೆ ಅರ್ಧ ದಾರಿಯಲ್ಲಿ ನಿಂತಿತು. ಮೊಮ್ಮಗಳು ಅಪ್ಪನನ್ನು ನೋಡಿದಳು, ನಗಲಿಲ್ಲ, ಕೆಲಸದವರ ದನಿಯಲ್ಲಿ ಹೇಳಿದಳು. “ಬರೇ ಹೊಟ್ಟೀಲೆ ಇರಬೇಕ ನೋಡ. ಚಾ ಸುದ್ದಾ ಕುಡ್ಯಾಂಗಿಲ್ಲ.”

“ನಾಳೆ ಮುಂಜಾನಿ ಅಲ್ಲೇನ? ಹಂಗಾರ ಇವತ್ತ ಇನ್ನೊಂದ ಹಾಕ” ಎಂದು ಅವನು ಹೆಂಡತಿಯ ಕಡೆ ತಾಟು ಚಾಚಿದ. ಅಳಿಯ ನಕ್ಕು ನಕ್ಕು ಕೆಮ್ಮಿದ. ನಾನೂ ತಾಟು ಚಾಚಿದೆ. ಹೋಳಿಗೆ ಬಿಸಿ ಇತ್ತು, ತುಪ್ಪ ಅಂಚಿನವರೆಗೆ ಹರಿದು ಬಂತು. ನಾನು ಅದನ್ನು ಬೆರಳಿನಿಂದ ತಡೆದು, ಒಂದು ತುತ್ತು ಮುರಿದು, ಪಕ್ಕದಲ್ಲಿ ಕೂತಿದ್ದ ನನ್ನ ಕೂಸಿನ ಬಾಯಿಗೆ ಇಟ್ಟೆ.